"ಹಳೇ ಜೀಪು ಅಂದ್ರೆ ಹಾಗೇ ಮಾರಾಯ..."

ನಮ್ಮೂರ ಕಡೆ ಯಾರ ಮನೆಯ ಹಳೇ ಜೀಪು ಹತ್ತಿ ಕೂತರೂ ಒಂದು ದೃಶ್ಯ ಮಾತ್ರ ತಪ್ಪಿದ್ದಲ್ಲ. ರಸ್ತೆ ನೆಟ್ಟಗಿದ್ದರೂ ಓಡಿಸುವವನು ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಲೇ ಇರುತ್ತಾನೆ. ಹಳೇ ಕಪ್ಪು ಬಿಳುಪು ಸಿನಿಮಾಗಳಲ್ಲಿ ಹೀರೋ ಸ್ಟುಡಿಯೋ ಒಳಗೇ ಕೂತು ಕಾರು ಓಡಿಸ್ತಾನಲ್ಲ, ಥೇಟ್ ಹಾಗೆ. ಕಾಲು ಸುತ್ತು ತಿರುಗಿಸಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. ಯಾಕೆ ಹೀಗೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಹಳೇ ಜೀಪು ಅಂದ್ರೆ ಹಾಗೇ ಮಾರಾಯ."

ಈ ಮಾತು ಈಗ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗಬಹುದು, ಗ್ರೀಸಿನ ವಾಸನೆಯೂ ಬರಬಹುದು. ಸಹಿಸಿಕೊಳ್ಳಿ :)

ನಮ್ಮನೆಯದ್ದು 1984ರ ಮಹೀಂದ್ರ. ಎತ್ತರದ ಬಾನೆಟ್ಟಿನ, ಸಿಜೆ 3ಬಿ ಜಾತಿಯ ಜೀಪು. ಅಮೆರಿಕದ ವಿಲ್ಲಿಸ್ ಕಂಪನಿ ಈ ಮಾಡೆಲ್ ತಂದದ್ದು 1953ರಲ್ಲಿ, ಅಲ್ಲಿ ಇದನ್ನು ನಿಲ್ಲಿಸಿದ್ದು 1968ರಲ್ಲಿ. ನಮ್ಮ ದೇಶದಲ್ಲಿ ಅದಾದ ಮೇಲೂ ಬಹಳ ವರ್ಷ ಇದೇ ಅಚ್ಚಿನಲ್ಲಿ ಜೀಪುಗಳು ಬರುತ್ತಲೇ ಇದ್ದವು. ಅಜ್ಜ ಸೆಕೆಂಡ್ ಹ್ಯಾಂಡ್ ತಗೊಂಡು, ಪೆಟ್ರೋಲ್ ಇಂಜಿನ್ ಕೆಳಗಿಳಿಸಿ ಡೀಸೆಲ್ ಇಂಜಿನ್ ಕೂರಿಸಿದ್ದು ನಾನು ಹುಟ್ಟುವ ಮೊದಲು. ಹೊಸನಗರದ ಹತ್ತಿರದ ನಮ್ಮ ತೋಟಕ್ಕೆ ಮಳೆಗಾಲದಲ್ಲಿ ಬೇರೆ ಗಾಡಿ ಇಳಿಯುವುದೂ ಇಲ್ಲ, ಇಳಿದರೆ ಹತ್ತುವುದೂ ಇಲ್ಲ. ಹಾಗಾಗಿ ಅಡಿಕೆ, ಗೊಬ್ಬರ, ಸೊಪ್ಪು, ನೆಂಟರು ಎಲ್ಲದಕ್ಕೂ ಅದೇ.

ಹೋದ ವರ್ಷ ಜೂನ್, ಮಳೆ ಹಿಡಿದ ಮೊದಲ ವಾರ. ಅಪ್ಪ ಕುಂದಾಪುರ ಕಡೆಯ ಸಿದ್ದಾಪುರಕ್ಕೆ ಹೋಗಿ ಅತ್ತೆಯನ್ನೂ ಅವರ ಇಬ್ಬರು ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಬಾಳೆಬರೆ ಘಾಟಿ ಹತ್ತಿ ಮನೆಗೆ ಬಂದಿದ್ದಾರೆ. ಆ ಘಾಟಿ ನೋಡಿದವರಿಗೆ ಗೊತ್ತು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ನೋಡಲೇಬಾರದು ಅನ್ನುವಂಥ ಕಣಿವೆ. ಅಂಗಳದಲ್ಲಿ ಎಲ್ಲರೂ ಇಳಿದಿದ್ದಾರೆ. ಮಕ್ಕಳು ಒಳಗೆ ಓಡಿವೆ. ಅಪ್ಪ ಜೀಪನ್ನು ಕೊಟ್ಟಿಗೆ ಪಕ್ಕದ ಮಾಡಿಗೆ ಹಾಕೋಣ ಅಂತ ರಿವರ್ಸ್ ತಗೊಂಡು ಸ್ಟೇರಿಂಗ್ ಒಡೆದರೆ... ಸ್ಟೇರಿಂಗ್ ತಿರುಗಿತು, ಚಕ್ರ ತಿರುಗಲಿಲ್ಲ! ಜೀಪು ತನ್ನ ಪಾಡಿಗೆ ತಾನು ಹಿಂದೆ ಹೋಗಿ ದಣಪೆಯ ಕಂಬಕ್ಕೆ ಗುದ್ದಿ ನಿಂತಿತು.

ರಾತ್ರಿ ಅಪ್ಪ ಫೋನಿನಲ್ಲಿ ಇದನ್ನು ಹೇಳಿದ್ದು ಜೋಕಿನ ಹಾಗೆ. "ಮಕ್ಕಳ ಗಿರಗಿಟ್ಲೆ ಥರ ಗರಗರ ತಿರುಗ್ತು ನೋಡು! ಕಂಬ ಒಂದು ಹೋತು. ಜೀಪಿಗೆ ಎಂತ ಆಗಲ್ಲೆ."

ನಾನು ನಗಲಿಲ್ಲ. ಅರ್ಧ ಗಂಟೆ ಮೊದಲು ಅದೇ ಸ್ಟೇರಿಂಗ್ ಹಿಡಿದು ಘಾಟಿಯ ಎಷ್ಟು ತಿರುವು ತಿರುಗಿಸಿರಬಹುದು ಅಂತ ಲೆಕ್ಕ ಹಾಕುತ್ತಾ ಬೆಂಗಳೂರಿನ ರೂಮಿನಲ್ಲಿ ಕೂತಿದ್ದೆ. ನಗದಿರಲು ಇನ್ನೂ ಒಂದು ಕಾರಣ ಇತ್ತು. ಬಿಟ್ಟುಕೊಂಡ ಪಾರ್ಟು ಎಂಟು ತಿಂಗಳ ಹಿಂದೆ ನಾನೇ ಜೆ.ಸಿ. ರಸ್ತೆಯಲ್ಲಿ ಚೌಕಾಶಿ ಮಾಡಿ ತಂದುಕೊಟ್ಟದ್ದು. ಮುನ್ನೂರು ರೂಪಾಯಿ ಉಳಿಸಿದೆ ಅಂತ ಆವತ್ತು ಖುಷಿಪಟ್ಟಿದ್ದೆ ಬೇರೆ.

ಶನಿವಾರ ಊರಿಗೆ ಹೋದೆ. ಗೋಣಿ ಹಾಸಿಕೊಂಡು ಜೀಪಿನ ಅಡಿಗೆ ಮಲಗಿದೆ. ಇಂಜಿನಿಯರಿಂಗ್ ಓದಿದ್ದು ಕಂಪ್ಯೂಟರ್ ಸೈನ್ಸ್ ಆದ್ದರಿಂದ ಆ ಡಿಗ್ರಿಯಿಂದ ಅಲ್ಲಿ ಏನೂ ಪ್ರಯೋಜನ ಇಲ್ಲ. ಆದರೆ ಬಗ್ ಹುಡುಕುವ ಅಭ್ಯಾಸ ಮಾತ್ರ ಕೆಲಸಕ್ಕೆ ಬಂತು.

ಈ ಜೀಪಿನ ಸ್ಟೇರಿಂಗ್ ಒಂದು ದೊಡ್ಡ ಕಥೆ. ನೀವು ಸ್ಟೇರಿಂಗ್ ತಿರುಗಿಸಿದರೆ ಅದು ಸ್ಟೇರಿಂಗ್ ಬಾಕ್ಸಿಗೆ ಹೋಗುತ್ತದೆ. ಬಾಕ್ಸಿನಿಂದ ಪಿಟ್‌ಮನ್ ಆರ್ಮ್ ಅಂತ ಒಂದು ಕೈ ಹೊರಗೆ ಬಂದಿರುತ್ತದೆ. ಅದು ಡ್ರ್ಯಾಗ್ ಲಿಂಕ್ ಅನ್ನುವ ಸಲಾಕೆಯನ್ನು ಹಿಂದೆ ಮುಂದೆ ತಳ್ಳುತ್ತದೆ. ಸಲಾಕೆಯ ಇನ್ನೊಂದು ತುದಿ ಬೆಲ್ ಕ್ರಾಂಕ್ ಅನ್ನುವ ಗೂಟಕ್ಕೆ ಸೇರಿದೆ. ಅದು ಛಾಸಿಯ ಮುಂದಿನ ಅಡ್ಡಪಟ್ಟಿಯ ಮೇಲೆ ಕೂತಿರುವ, ಹಿಂದೆ ಮುಂದಿನ ಚಲನೆಯನ್ನು ಎಡ ಬಲಕ್ಕೆ ತಿರುಗಿಸಿ ಕೊಡುವ ತುಂಡು. ಅಲ್ಲಿಂದ ಎರಡು ಟೈ ರಾಡ್, ಒಂದೊಂದು ಚಕ್ರಕ್ಕೆ ಒಂದೊಂದು. ಅವಕ್ಕೆ ಎರಡೆರಡು ತುದಿ. ಕೊನೆಗೆ ಚಕ್ರ ತಿರುಗುವ ಕಿಂಗ್ ಪಿನ್ನುಗಳು, ಒಂದೊಂದು ಕಡೆ ಮೇಲೊಂದು ಕೆಳಗೊಂದು ಬೇರಿಂಗ್.

ಈಗ ಕೂಡಿಸಿ. ಡ್ರ್ಯಾಗ್ ಲಿಂಕಿನ ಎರಡು ಕೀಲು, ಬೆಲ್ ಕ್ರಾಂಕ್ ಒಂದು, ಟೈ ರಾಡ್ ಎಂಡ್ ನಾಲ್ಕು, ಕಿಂಗ್ ಪಿನ್ ಬೇರಿಂಗ್ ನಾಲ್ಕು. ಬಾಕ್ಸ್ ಬಿಟ್ಟು ಹನ್ನೊಂದು ಕಡೆ ಸವೆಯಬಹುದು. ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆದರೂ ಸ್ಟೇರಿಂಗ್ ಹಿಡಿದವನ ಕೈಗೆ ಬರುವಾಗ ಅದು ಅಂಗೈ ಅಗಲ ಆಗಿರುತ್ತದೆ. ಹಾಗಾಗಿ "ಜೀಪು ಅಂದ್ರೆ ಹಾಗೇ" ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಕೀಲು ಜಾಸ್ತಿ, ಸವೆಯುವ ಜಾಗ ಜಾಸ್ತಿ. ಇನ್ನರ್ಧ ಶುದ್ಧ ಸುಳ್ಳು. ಯಾಕೆಂದರೆ ಆ ಹನ್ನೊಂದೂ ಬದಲಾಯಿಸಬಹುದಾದವು, ಮುಕ್ಕಾಲು ಪಾಲು ಬಿಚ್ಚಿ ಸರಿಮಾಡಬಹುದಾದವು. ಹೊಸದಾಗಿ ಶೋರೂಮಿನಿಂದ ಬಂದ ದಿನ ಈ ಜೀಪು ಹಾವಿನ ಹಾಗೆ ಓಡಾಡುತ್ತಿರಲಿಲ್ಲ. ಹಾಗೆ ಆದದ್ದು ನಮ್ಮ ಕೈಯಲ್ಲಿ.

ಯಾವ ಕೀಲು ಹಾಳಾಗಿದೆ ಅಂತ ಕಂಡುಹಿಡಿಯುವುದಕ್ಕೆ ಯಾವ ಮಿಷನ್ನೂ ಬೇಡ. ಇಂಜಿನ್ ಆಫ್ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಮೆಲ್ಲಗೆ ಆಚೀಚೆ ಆಡಿಸಲಿ. ನೀವು ಕೆಳಗೆ ಮಲಗಿ ಒಂದೊಂದೇ ಕೀಲು ನೋಡುತ್ತಾ ಬನ್ನಿ. ಇತ್ತ ಕಡೆ ಅಲ್ಲಾಡುತ್ತದೆ, ಅತ್ತ ಕಡೆ ಅಲ್ಲಾಡುವುದಿಲ್ಲ ಅಂದರೆ ಅದೇ ಕಳ್ಳ. ನಮ್ಮ ಆಫೀಸಿನಲ್ಲಿ ಲಾಗ್ ನೋಡುತ್ತಾ ಡೇಟಾ ಎಲ್ಲಿಯವರೆಗೆ ಸರಿ ಬಂತು, ಎಲ್ಲಿಂದ ತಪ್ಪಿತು ಅಂತ ಹುಡುಕುವುದೂ ಇದೇ ತಾನೇ? ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬಹುತೇಕ ಮಾಡುವುದು ಇದಲ್ಲ. ಪ್ಲೇ ಜಾಸ್ತಿ ಆಗಿದೆ ಅಂದ ಕೂಡಲೇ ಸ್ಪ್ಯಾನರ್ ತಗೊಂಡು ಸ್ಟೇರಿಂಗ್ ಬಾಕ್ಸಿನ ಪಕ್ಕದ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡುತ್ತಾರೆ. ಬಾಕ್ಸು ಸವೆಯುವುದು ನೆಟ್ಟಗೆ ಓಡುವ ಜಾಗದಲ್ಲಿ, ನಡುವಿನಲ್ಲಿ. ಅಲ್ಲಿಯ ಆಟ ಹೋಗಲಿ ಅಂತ ಬಿಗಿ ಮಾಡಿದರೆ ಸವೆಯದೇ ಉಳಿದ ಪಕ್ಕದ ಭಾಗ ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ. ನೆಟ್ಟಗಿನ ರಸ್ತೆಯಲ್ಲಿ "ಆಹಾ ಸರಿ ಆಯ್ತು" ಅನ್ನಿಸಿದ್ದು ಹೇರ್‌ಪಿನ್ ತಿರುವಿನಲ್ಲಿ ಬಿಗಿಯಾಗಿ ನಿಲ್ಲುತ್ತದೆ. ತಪ್ಪು ಟೈ ರಾಡ್ ಎಂಡಿನದ್ದು, ಶಿಕ್ಷೆ ಬಾಕ್ಸಿಗೆ.

ನಮ್ಮ ಜೀಪಿನಲ್ಲಿ ಆದದ್ದು ಏನು ಅಂದರೆ, ಡ್ರ್ಯಾಗ್ ಲಿಂಕಿನ ಹಿಂದಿನ ತುದಿಯ ಪ್ಲಗ್ ಬಿಚ್ಚಿಕೊಂಡು ಬಿದ್ದಿತ್ತು. ಈ ಹಳೇ ಡ್ರ್ಯಾಗ್ ಲಿಂಕಿನ ತುದಿ ಕೊಳವೆಯ ಹಾಗಿರುತ್ತದೆ. ಒಳಗೆ ಗುಂಡಿನ ಎರಡೂ ಬದಿಗೆ ಬಟ್ಟಲಿನಂಥ ಸೀಟು, ಅದರ ಹಿಂದೆ ಸ್ಪ್ರಿಂಗ್, ಎಲ್ಲಕ್ಕೂ ಹಿಂದೆ ಥ್ರೆಡ್ ಇರುವ ದಪ್ಪ ಪ್ಲಗ್. ಪ್ಲಗ್ ತಿರುಗದ ಹಾಗೆ ಅಡ್ಡಕ್ಕೆ ಒಂದು ಸ್ಪ್ಲಿಟ್ ಪಿನ್. ಮುಂದಿನ ತುದಿಯಲ್ಲಿ ಪ್ಲಗ್ ಪೂರ್ತಿ ಬಿಗಿ ಮಾಡಿ ಅರ್ಧ ಸುತ್ತು ವಾಪಸ್, ಹಿಂದಿನ ತುದಿಯಲ್ಲಿ ಒಂದು ಸುತ್ತು ವಾಪಸ್, ಆಮೇಲೆ ಹೊಸ ಪಿನ್. ಹೊಸದು! ಹಳೇ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದಲ್ಲ. ನಾನು ತಂದ ಕಿಟ್ಟಿನ ಸೀಟು ಎಷ್ಟು ಮೆತ್ತಗಿತ್ತು ಅಂದರೆ ಎಂಟು ತಿಂಗಳಿಗೆ ಗುಂಡು ಒಳಗೆ ಹುಗಿದುಕೊಂಡಿತ್ತು. ಸೀಟು ಸವೆದ ಮೇಲೆ ಪ್ಲಗ್ ಬಡಿದುಕೊಳ್ಳುತ್ತದೆ. ತಂತಿಯಂಥ ಪಿನ್ ಎಷ್ಟು ದಿನ ತಡೆದೀತು? ತುಂಡಾಗಿ ಹೋಗಿದೆ, ಪ್ಲಗ್ ತಾನೇ ತಾನಾಗಿ ಬಿಚ್ಚಿಕೊಂಡಿದೆ. ಹಾಕಿದ ಗ್ಯಾರೇಜಿನವರು ಹಳೇ ಪಿನ್ನನ್ನೇ ಹಾಕಿದ್ದರು ಅಂತ ಆಮೇಲೆ ಗೊತ್ತಾಯಿತು. ಹಾಗಂತ ಅವರನ್ನು ಬೈದು ನಾನು ಪಾರಾಗುವ ಹಾಗಿಲ್ಲ. ಸಾಮಾನು ತಂದುಕೊಟ್ಟವನು ನಾನು.

ಸೋಮವಾರ ರಜೆ ಹಾಕಿ ಮತ್ತೆ ಜೆ.ಸಿ. ರಸ್ತೆ. ಈ ಸಲ ಹಳೇ ಟೈ ರಾಡ್ ಎಂಡು, ಬೆಲ್ ಕ್ರಾಂಕು, ಜೊತೆಗೆ ಚಕ್ರದ ಕಡೆಯ ಸ್ಟೇರಿಂಗ್ ಆರ್ಮನ್ನೂ ಬಿಚ್ಚಿಸಿಕೊಂಡು ಲ್ಯಾಪ್‌ಟಾಪ್ ಬ್ಯಾಗಿಗೆ ತುಂಬಿಕೊಂಡು ಬಂದಿದ್ದೆ. ಮೆಟ್ರೋ ಸ್ಟೇಷನ್ನಿನಲ್ಲಿ ಬ್ಯಾಗ್ ಸ್ಕ್ಯಾನ್ ಮಾಡಿದ ಹುಡುಗಿ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಸಾರ್ ಏನಿದು?" "ಜೀಪಿಂದು ಮೇಡಂ." ತೆಗೆಸಿ ನೋಡಿ, ಕೈಗೆ ಗ್ರೀಸ್ ಹತ್ತಿಸಿಕೊಂಡು, ಬೈದುಕೊಂಡು ಬಿಟ್ಟಳು.

ಈ ಜಾತಿಯ ಜೀಪಿನ ಸಾಮಾನು ಸಿಗುವುದಿಲ್ಲ ಅನ್ನುವ ಮಾತೇ ಇಲ್ಲ. ನಮ್ಮ ದೇಶದ ರಸ್ತೆಯಲ್ಲಿ ಇಷ್ಟು ವರ್ಷ ಇಷ್ಟು ಸಂಖ್ಯೆಯಲ್ಲಿ ಓಡಿದ ಗಾಡಿಯ ಸಾಮಾನು ಪ್ರತಿ ಮೂರನೇ ಅಂಗಡಿಯಲ್ಲಿ ಇದೆ. ಕಷ್ಟ ಇರುವುದು ಬೇರೆ ಕಡೆ. ಮೊದಲನೇ ಅಂಗಡಿಯವರು ನನ್ನನ್ನು ಕೇಳಿದ್ದೇ ಹೀಗೆ: "ಒರಿಜಿನಲ್ ಬೇಕಾ ಸಾರ್, ಒರಿಜಿನಲ್ ಥರದ್ದು ಬೇಕಾ?"

ಏನು ವ್ಯತ್ಯಾಸ ಅಂದೆ. ಡಬ್ಬ ಒಂದೇ ಥರ ಇದೆ, ರೇಟು ಅರ್ಧ ಅಂದರು. ಕನಿಷ್ಠ ಪ್ರಾಮಾಣಿಕವಾಗಿ ಹೇಳಿದರಲ್ಲ ಅನ್ನಿಸಿತು! ಎರಡನೇ ಅಂಗಡಿಯಲ್ಲಿ ಆ ಪ್ರಾಮಾಣಿಕತೆಯೂ ಇರಲಿಲ್ಲ. ಹೆಸರಾಂತ ಕಂಪನಿಯ ಡಬ್ಬ, ಅಕ್ಷರದಲ್ಲಿ ಒಂದು ಗೀಟು ಆಚೀಚೆ. ಒಳಗಿನ ಟೈ ರಾಡ್ ಎಂಡಿನ ರಬ್ಬರ್ ಬೂಟು ಬಲೂನಿನಷ್ಟು ತೆಳು. ಗುಂಡನ್ನು ಕೈಯಲ್ಲಿ ಆಡಿಸಿದರೆ ಸಲೀಸಾಗಿ ಅಲ್ಲಾಡುತ್ತದೆ. ಹೊಸ ಬಾಲ್ ಜಾಯಿಂಟು ಅಷ್ಟು ಸಲೀಸಾಗಿ ಆಡಬಾರದು, ಬಿಗಿಯಾಗಿ, ಒಂದೇ ಸಮನಾಗಿ ತಿರುಗಬೇಕು.

ಮೂರನೇ ಅಂಗಡಿಯ ಹಿರಿಯರು ಒಬ್ಬರೇ ನನ್ನ ಹಳೇ ಸಾಮಾನು ಕೈಗೆ ತಗೊಂಡು ನೋಡಿದವರು. "ಇದು ಯಾವ ಮಾಡೆಲ್ ಅಂತ ಕೇಳಿ ಪಾರ್ಟ್ ಕೊಡೋದು ತಪ್ಪು ಸಾರ್. ನಿಮ್ ಗಾಡೀಲಿ ಈಗ ಏನಿದೆ ಅಂತ ನೋಡ್ಬೇಕು" ಅಂದರು. ನಲವತ್ತು ವರ್ಷದ ಜೀಪಿನಲ್ಲಿ ಯಾವ ಕಾಲದಲ್ಲಿ ಯಾರು ಯಾವ ಗಾಡಿಯ ಕೈ ತಂದು ಸೇರಿಸಿದ್ದಾರೋ ದೇವರಿಗೇ ಗೊತ್ತು. ಆರ್‌ಸಿಯಲ್ಲಿರುವ ಮಾಡೆಲ್ ಹೆಸರು ಹೇಳಿ ಆನ್‌ಲೈನಿನಲ್ಲಿ ತರಿಸಿಕೊಂಡರೆ ಹೆಚ್ಚಿನ ಸಲ ಥ್ರೆಡ್ಡೋ ಟೇಪರ್ರೋ ತಪ್ಪಿರುತ್ತದೆ.

ಅವರು ಒಂದು ಪರೀಕ್ಷೆ ತೋರಿಸಿಕೊಟ್ಟರು. ನನ್ನ ಪ್ರಕಾರ ಹಳೇ ಗಾಡಿ ಇಟ್ಟುಕೊಂಡವರೆಲ್ಲ ಕಲಿಯಬೇಕಾದದ್ದು. ಬಾಲ್ ಜಾಯಿಂಟಿನ ಕಂಬ ಮೇಲೆ ಹೋಗುತ್ತಾ ಸಣ್ಣ ಆಗುತ್ತದೆ, ಅದೇ ಟೇಪರ್. ಆರ್ಮಿನ ತೂತೂ ಅದೇ ಇಳಿಜಾರಿನಲ್ಲಿ ಇರಬೇಕು. ಆ ಟೇಪರಿಗೆ ಸ್ಕೆಚ್ ಪೆನ್ನಿನಿಂದ ನೀಲಿ ಬಳಿಯಿರಿ. ತೂತಿಗೆ ಹಾಕಿ ಒತ್ತಿ ಸ್ವಲ್ಪ ತಿರುಗಿಸಿ ತೆಗೆಯಿರಿ. ನೀಲಿ ಎಲ್ಲ ಕಡೆ ಸಮನಾಗಿ ಉಜ್ಜಿ ಹೋಗಿದ್ದರೆ ಎರಡೂ ಒಂದಕ್ಕೊಂದು ಕೂತಿವೆ. ಮೇಲೊಂದು ಉಂಗುರ, ಕೆಳಗೊಂದು ಉಂಗುರ ಮಾತ್ರ ಉಜ್ಜಿದ್ದರೆ ಕೂತಿಲ್ಲ. ನಟ್ ಎಷ್ಟೇ ಬಿಗಿ ಮಾಡಿ, ಒಳಗೊಳಗೇ ಅಲ್ಲಾಡಿ ಒಂದು ದಿನ ಕಂಬವೇ ಮುರಿಯುತ್ತದೆ. ನಾನು ನೋಡಿದ ಐದು ಜೊತೆಯಲ್ಲಿ ಸರಿಯಾಗಿ ಕೂತದ್ದು ಎರಡು. ಅದರಲ್ಲಿ ಒಂದು ಜೊತೆಗೆ ಮಾತ್ರ ಗ್ರೀಸ್ ನಿಪ್ಪಲ್ ಇತ್ತು. ಅದನ್ನೇ ತಂದೆ, ಅಂಗಡಿಯವರು ಹೇಳಿದ ರೇಟಿಗೆ. ಚೌಕಾಶಿ ಮಾಡುವುದಕ್ಕೆ ಬಾಯಿ ಬರಲಿಲ್ಲ.

ಅಂದಹಾಗೆ, ಟೇಪರ್ ಕೂರದಿದ್ದಾಗ ನಮ್ಮ ಕಡೆ ಕೆಲವರು ಮಾಡುವ ಉಪಾಯ ಕೇಳಿ. ಕಂಬಕ್ಕೆ ತೆಳು ತಗಡು ಸುತ್ತಿ ಬಡಿದು ಕೂರಿಸುತ್ತಾರೆ! ಡಬ್ಬದ ತಗಡು!! ನಾನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು ಉಪಾಯ ಬೆಂಡಾದ ಟೈ ರಾಡನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡುವುದು, ಮುರಿದ ಆರ್ಮನ್ನು ವೆಲ್ಡ್ ಮಾಡುವುದು. ಬಂಪರ್ ವೆಲ್ಡ್ ಮಾಡಿ, ಬೇಡ ಅನ್ನುವುದಿಲ್ಲ. ಮಡ್‌ಗಾರ್ಡ್ ಮಾಡಿ. ಸ್ಟೇರಿಂಗ್ ಆರ್ಮ್ ಅನ್ನುವುದು ಬಡಿದು ಮಾಡಿದ ಉಕ್ಕು, ಹದವಾಗಿ ಕಾಯಿಸಿ ತಣಿಸಿ ಅದಕ್ಕೆ ಗಟ್ಟಿತನ ಕೊಟ್ಟಿರುತ್ತಾರೆ. ಗ್ಯಾಸ್ ಹಿಡಿದ ಕ್ಷಣಕ್ಕೆ ಆ ಹದ ಹೋಯಿತು. ನೋಡುವುದಕ್ಕೆ ಹಾಗೇ ಇರುತ್ತದೆ, ಅದೇ ಅಪಾಯ.

ಬೆಲ್ ಕ್ರಾಂಕಿನ ವಿಷಯಕ್ಕೆ ಬಂದರೆ ನಾನು ಸೋತ ಕಥೆ ಹೇಳಬೇಕು. ಮೂಲದಲ್ಲಿ ಅದರೊಳಗೆ ಸೂಜಿಯಂಥ ರೋಲರುಗಳ ಬೇರಿಂಗ್ ಇರುತ್ತದೆ. ನಾನು ಅದೇ ಬೇಕು, ಕಂಪನಿ ಹೇಗೆ ಮಾಡಿದೆಯೋ ಹಾಗೇ ಇರಬೇಕು ಅಂತ ಹಟ ಹಿಡಿದು ಬೇರಿಂಗ್, ಶಾಫ್ಟ್ ಎಲ್ಲ ತಂದೆ. ಸಾಗರದ ಲೇತ್ ಮೇಸ್ತ್ರಿ ನನ್ನ ಹಳೇ ಶಾಫ್ಟನ್ನು ಬೆಳಕಿಗೆ ಹಿಡಿದು ತೋರಿಸಿದರು. "ಗೀರು ನೋಡು ತಮ್ಮ."

ಶಾಫ್ಟಿನ ಮೇಲೆ ಉದ್ದಕ್ಕೆ ಸಾಲಾಗಿ ಗುಳಿ ಬಿದ್ದಿತ್ತು, ಬಾಚಣಿಗೆ ಒತ್ತಿದ ಹಾಗೆ.

"ಇದು ಪೂರ್ತಿ ತಿರುಗೋ ಜಾಗ ಅಲ್ಲ. ಹಿಂಗೊಂಚೂರು ಹಂಗೊಂಚೂರು. ಸೂಜಿ ಕೂತಲ್ಲೇ ಕೂತು ಹೊಡೆದೂ ಹೊಡೆದೂ ಗುಳಿ ಮಾಡ್ತದೆ. ಗ್ರೀಸ್ ಸೈತ ಅಲ್ಲಿಗೆ ವಾಪಸ್ ಬರೋಲ್ಲ. ಗನ್‌ಮೆಟಲ್ ಬುಷ್ ಹಾಕ್ತೀನಿ, ಒಳಗೆ ಗ್ರೀಸಿಗೆ ಕಾಲುವೆ ಕೊರೀತೀನಿ. ಕೆಸರು ನೀರಿಗೆ ಅದೇ ಸೈ."

ನಾನು ವಾದ ಮಾಡಿದೆ, ಹೌದು, ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬ ಎಷ್ಟೋ ವರ್ಷದಿಂದ ಲೇತ್ ಮುಂದೆ ನಿಂತವರ ಜೊತೆ! ರೂಮಿಗೆ ಬಂದು ಓದಿ ನೋಡಿದರೆ ಅವರು ಹೇಳಿದ್ದೇ ಸರಿ. ಸಣ್ಣ ಕೋನದಲ್ಲಿ ಆಚೀಚೆ ಆಡುವ ಕಡೆ ರೋಲರ್ ಬೇರಿಂಗ್ ಹೀಗೆ ಗುಳಿ ಬೀಳುವುದು ಇಂಜಿನಿಯರಿಂಗ್ ಪುಸ್ತಕಗಳಲ್ಲೇ ಇರುವ ರೋಗ. ಬುಷ್ ಹಾಕಿಸಿದೆ. ಒಂದು ಇಡೀ ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿದೆವು. ಬುಷ್ಷಿನ ಮೇಲೆ ಹೊಳಪು ಬಿಟ್ಟರೆ ಏನೂ ಇಲ್ಲ.

ಇದರಿಂದ ನನ್ನ ಅಭಿಪ್ರಾಯ ಒಂದು ಬದಲಾಯಿತು. ಬಾಳಿಕೆ ಬರುವ ಪಾರ್ಟು ಅಂದರೆ ಗಟ್ಟಿ ಪಾರ್ಟು, ದುಬಾರಿ ಪಾರ್ಟು, ಇಂಪೋರ್ಟೆಡ್ ಪಾರ್ಟು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನಮ್ಮಂಥ ಜೀಪಿಗೆ ಬಾಳಿಕೆ ಬರುವುದು ಬಿಚ್ಚಲು ಬರುವ, ಗ್ರೀಸ್ ಹೋಗುವ, ಸವೆದಷ್ಟು ಬಿಗಿ ಮಾಡಲು ಬರುವ ಪಾರ್ಟು. 'ಗ್ರೀಸೇ ಬೇಡ, ಸೀಲ್ಡ್' ಅಂತ ಮಾರುವ ಕೀಲು ಡಾಂಬರು ರಸ್ತೆಯ ಕಾರಿಗೆ ಸರಿ ಇರಬಹುದು. ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆಯಲ್ಲಿ ದಿನಾ ಹಳ್ಳ ದಾಟುವ ಗಾಡಿಯಲ್ಲಿ ಬೂಟು ಒಂದು ಕಡೆ ಹರಿದರೂ ಕೆಸರು ಒಳಗೆ ಹೋಗಿ ಮರಳು ಕಾಗದದ ಹಾಗೆ ತಿಕ್ಕುತ್ತದೆ. ನಿಪ್ಪಲ್ ಇದ್ದರೆ ಹೊಸ ಗ್ರೀಸ್ ಹೊಡೆದು ಕೆಸರನ್ನು ಹೊರಗೆ ದಬ್ಬಬಹುದು. ವಿಲ್ಲಿಸ್ ಕಾಲದ ಕೈಪಿಡಿ ಸಾವಿರ ಮೈಲಿಗೊಮ್ಮೆ ಗ್ರೀಸ್ ಹೊಡೆಯಿರಿ ಅನ್ನುತ್ತದೆ. ನಮ್ಮ ಮಳೆಗಾಲಕ್ಕೆ ಮೈಲಿ ಲೆಕ್ಕ ಬೇಡ, ಹಳ್ಳ ದಾಟಿದ ವಾರ ಹೊಡೆಯಬೇಕು. ಒಂದು ಗ್ರೀಸ್ ಗನ್ನು, ಕಾಲು ಗಂಟೆ ಕೆಲಸ. ನಾನು ಕೇಳಿದ ಹತ್ತು ಜೀಪಿನ ಮನೆಗಳಲ್ಲಿ ಗ್ರೀಸ್ ಗನ್ ಇದ್ದದ್ದು ಎರಡು ಮನೆಯಲ್ಲಿ. ಅದರಲ್ಲಿ ಒಂದು ಕೆಟ್ಟಿತ್ತು :(

ಕಿಂಗ್ ಪಿನ್ ಬೇರಿಂಗೂ ಹಾಗೇ. ಅದರ ಬಿಗಿ ಕೂರಿಸುವುದು ತೆಳುವಾದ ಶಿಮ್ಮುಗಳಿಂದ, ಶಿಮ್ ತೆಗೆದರೆ ಬಿಗಿ ಹೆಚ್ಚು. ಎಷ್ಟು ಬಿಗಿ ಅನ್ನುವುದಕ್ಕೆ ಕೈಪಿಡಿಯಲ್ಲಿ ಲೆಕ್ಕ ಇದೆ. ಸೀಲ್ ಹಾಕುವ ಮೊದಲು, ಟೈ ರಾಡ್ ಸೇರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರೆ 12ರಿಂದ 16 ಪೌಂಡ್, ಅಂದರೆ ಐದೂವರೆಯಿಂದ ಏಳು ಕಿಲೋ ಚಿಲ್ಲರೆ ತೋರಿಸಬೇಕು. ಮನೆಯಲ್ಲಿ ಅಜ್ಜನ ಕಾಲದ ಕೊಕ್ಕೆ ತಕ್ಕಡಿ ಇತ್ತು. ಅಪ್ಪ ನಕ್ಕರು, "ಜೀಪನ್ನ ತೂಕಕ್ಕೆ ಹಾಕ್ತ್ಯನಾ?" ಅಂತ. ಎಳೆದರೆ ಎಡಗಡೆ ಎರಡು ಕಿಲೋ! ಗುಂಡಿ ಬಿದ್ದಾಗ ಮುಂದಿನ ಚಕ್ರಗಳು ತಟತಟ ನಡುಗಿ ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಆಗುತ್ತಿತ್ತಲ್ಲ, ಅದಕ್ಕೆ ಕಾರಣ ಇಲ್ಲಿತ್ತು.

ಈ ನಡುಕಕ್ಕೆ ಪೇಟೆಯ ಜೀಪ್ ಪ್ರಿಯರ ಮದ್ದು ಸ್ಟೇರಿಂಗ್ ಡ್ಯಾಂಪರ್. ಒಂದು ಶಾಕ್ ಅಬ್ಸಾರ್ಬರ್ ಅಡ್ಡ ಹಾಕಿದರೆ ನಡುಕ ನಿಲ್ಲುತ್ತದೆ. ನಿಲ್ಲುತ್ತದೆ ನಿಜ. ಜ್ವರ ಬಂದವನಿಗೆ ಕಂಬಳಿ ಹೊದೆಸಿದರೂ ನಡುಕ ನಿಲ್ಲುತ್ತದೆ. ಕಿಂಗ್ ಪಿನ್ ಸರಿ ಮಾಡಿದ ಮೇಲೆ ಡ್ಯಾಂಪರ್ ಹಾಕುವವರ ಬಗ್ಗೆ ನನಗೇನೂ ತಕರಾರಿಲ್ಲ, ಮಾಡದೇ ಹಾಕುವುದರ ಬಗ್ಗೆ ಇದೆ. ನಮ್ಮ ಆಫೀಸಿನಲ್ಲೂ ಇಂಥವರಿದ್ದಾರೆ. ಎರರ್ ಬಂದರೆ ಎರರ್ ಮೆಸೇಜನ್ನೇ ತೆಗೆದುಹಾಕುವವರು.

ಪವರ್ ಸ್ಟೇರಿಂಗ್ ಹಾಕಿಸುವುದೂ ಹಾಗೇ. ಬೇರೆ ಗಾಡಿಯ ಪವರ್ ಸ್ಟೇರಿಂಗ್ ಬಾಕ್ಸ್ ತಂದು ಕೂರಿಸುವವರು ತುಂಬಾ ಜನ, ಓಡಿಸುವುದಕ್ಕೆ ಹಿತ, ಒಪ್ಪಿದೆ. ಆದರೆ ಈ ಮೊದಲು ನಿಮ್ಮ ತೋಳಿನ ಬಲ ಮಾತ್ರ ಬೀಳುತ್ತಿದ್ದ ಹಳೇ ಸಲಾಕೆಗಳ ಮೇಲೆ ಈಗ ಪಂಪಿನ ಬಲ ಬೀಳುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿಕೊಂಡಾಗ ಮೊದಲಾದರೆ ಕೈಗೆ ಗೊತ್ತಾಗಿ ನಿಲ್ಲಿಸುತ್ತಿದ್ದಿರಿ, ಈಗ ಗೊತ್ತೇ ಆಗದೆ ಟೈ ರಾಡ್ ಬಗ್ಗುತ್ತದೆ. ಅದರ ಮೇಲೆ ದಪ್ಪ ಟೈರು ಬೇರೆ. ಮೊದಲು ಕೀಲು, ಆಮೇಲೆ ಶೋಕಿ.

ಗೆಳೆಯರು ಕೇಳುತ್ತಾರೆ, ಇಷ್ಟೆಲ್ಲ ಯಾಕೆ, ಮಾರಿ ಥಾರ್ ತಗೋ ಅಂತ. 2020ರಲ್ಲಿ ಬಂದ ಥಾರ್ ಓಡಿಸಿ ನೋಡಿದ್ದೇನೆ, ಬೆಲ್ ಕ್ರಾಂಕೂ ಇಲ್ಲ ಕಿಂಗ್ ಪಿನ್ನೂ ಇಲ್ಲ, ಒಂದೇ ಬೆರಳಿನಲ್ಲಿ ತಿರುಗುತ್ತದೆ. ದುಡ್ಡಿದ್ದರೆ ತಗೊಳ್ಳಿ. ಆದರೆ ನಾವು ಮಾರಿದ ಜೀಪು ಗುಜರಿಗೆ ಹೋಗುವುದಿಲ್ಲವಲ್ಲ. ಇನ್ನೊಬ್ಬರ ತೋಟಕ್ಕೆ ಹೋಗುತ್ತದೆ, ಅದೇ ಸ್ಟೇರಿಂಗ್ ಸಮೇತ, ಅಲ್ಲಿಯ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತದೆ. ಕೊಡಚಾದ್ರಿಗೆ ಜನ ಕೂರಿಸಿಕೊಂಡು ಹತ್ತುವ ಜೀಪುಗಳನ್ನು ನೋಡಿದ್ದೀರಲ್ಲ, ಆ ಕಲ್ಲುದಾರಿಯಲ್ಲಿ ದಿನಾ ಓಡುವ ಗಾಡಿಯ ಕೀಲುಗಳ ಪಾಡು ಯೋಚಿಸಿ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಿಸುವಾಗ ಗಾಡಿ ತೋರಿಸಬೇಕು ಅಂತ ನಿಯಮ ಇದೆ. ಐದು ವರ್ಷ! ನಾನು ತಂದ ಕಿಟ್ಟು ಎಂಟು ತಿಂಗಳು ಬಂತು.

ಅಂಗಡಿಯವರನ್ನು ಬೈಯುವುದು ಸುಲಭ. ನಕಲಿ ಡಬ್ಬ ಮಾರುವವರನ್ನು ಬೈಯಲೇಬೇಕು, ಸ್ಟೇರಿಂಗ್ ಮತ್ತು ಬ್ರೇಕಿನ ನಕಲಿ ಸಾಮಾನು ಮಾರುವುದು ಬರೀ ಮೋಸ ಅಲ್ಲ. ಆದರೆ ಆ ಮೂರನೇ ಅಂಗಡಿಯ ಹಿರಿಯರು ಬಿಲ್ ಬರೆಯುತ್ತಾ ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ. ಒಳ್ಳೇ ಮಾಲು ಎರಡು ವರ್ಷದಿಂದ ಶೆಲ್ಫಿನಲ್ಲಿ ಧೂಳು ಹಿಡೀತಿದೆ ಸಾರ್, ಎಲ್ಲರೂ ಕೇಳೋದು ಇನ್ನೂ ಕಮ್ಮೀದು ಇಲ್ವಾ ಅಂತ, ಅಂದರು. ನಾನೂ ಅದನ್ನೇ ಕೇಳಿದವನು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇದ್ದ ವ್ಯತ್ಯಾಸ ಬೆಂಗಳೂರಿನ ಮಾಲಿನಲ್ಲಿ ಇಬ್ಬರು ತಿನ್ನುವ ಪಾಪ್‌ಕಾರ್ನಿನಷ್ಟು. "ಜೀಪು ಅಂದ್ರೆ ಹಾಗೇ" ಅಂತ ನಂಬಿಬಿಟ್ಟವನಿಗೆ ಒಳ್ಳೆಯ ಪಾರ್ಟು ಹಾಕಿದರೂ ಕೆಟ್ಟ ಪಾರ್ಟು ಹಾಕಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗದವನು ಕಮ್ಮಿಯದ್ದನ್ನೇ ತಗೊಳ್ಳುತ್ತಾನೆ.

ಈಗ ನಮ್ಮ ಜೀಪಿನ ಸ್ಟೇರಿಂಗ್ ಎರಡು ಬೆರಳು ಆಡುತ್ತದೆ, ಅಷ್ಟೇ. ಮೊದಲ ಸಲ ಓಡಿಸಿದಾಗ ಅಪ್ಪ ಅಭ್ಯಾಸಬಲದಿಂದ ಮುಂಚಿನಷ್ಟೇ ತಿರುಗಿಸಿ ಗೇಟು ದಾಟುವಾಗಲೇ ಚರಂಡಿಗೆ ಇಳಿಸುತ್ತಿದ್ದರು! "ಇದೆಂತ ಕಾರಿನ ಹಂಗೆ ಆಗೋಯ್ತಲೋ" ಅಂತ ದೂರು ಬೇರೆ.

ಬಲಗಡೆಯ ಕಿಂಗ್ ಪಿನ್ ಇನ್ನೂ ಬಾಕಿ ಇದೆ, ಶಿಮ್ ತಂದಿಟ್ಟಿದ್ದೇನೆ. ಎರಡನೇ ಶನಿವಾರ ಊರಿಗೆ ಹೋಗುವುದಿದೆ. ತಕ್ಕಡಿಯನ್ನು ಅಪ್ಪ ಯಾರಿಗೋ ಕೊಟ್ಟಿದ್ದಾರಂತೆ, ಅವರ ಮನೆ ಜೀಪೂ ನಡುಗುತ್ತಿದೆಯಂತೆ. ಮೊದಲು ಹೋಗಿ ಅದನ್ನು ಇಸಕೊಂಡು ಬರಬೇಕು.